ಮೆಚ್ಚುಗೆಗಿಂತ ಮಿಗಿಲಾದ ಮಾತು

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಮಕ್ಕಳ ವಿಷಯಕ್ಕೆ ಮಾತ್ರ ಸಲ್ಲುವುದಲ್ಲ. ಕವನ ಕಟ್ಟಿದವನಿಗೂ ಚಿತ್ರ ಬರೆದವನಿಗೂ ರಾಗ ಹೊಸೆದವನಿಗೂ ಅದು ಅಷ್ಟೇ ಒಪ್ಪುತ್ತದೆ. ತನ್ನ ಕೃತಿಯ ಕುಂದು ತನಗೆ ಕಾಣದು. ಕಂಡವರು ದಾಕ್ಷಿಣ್ಯದಿಂದ ಹೇಳಲಾರರು. ಹೇಳಿದವರ ಮುಖವನ್ನು ಮತ್ತೆ ನೋಡಬೇಕೆನಿಸದು. ಈ ಮೂರು ತೊಡಕುಗಳನ್ನೂ ದಾಟುವ ಬಗೆಯನ್ನು, ವಿಡಿಯೋ ಆಟಗಳ ಸಂಗೀತವನ್ನು ಹೊಸದಾಗಿ ಹೆಣೆಯುವ ಹವ್ಯಾಸಿಗಳಿಂದ ಕಲಿಯಬಹುದಾಗಿದೆ.

ಆಟದ ಸಂಗೀತವೆಂದೊಡನೆ ಹಿರಿಯರಿಗೆ ನಗು ಬರಬಹುದು. ಮಕ್ಕಳು ಪರದೆಯ ಮುಂದೆ ಕುಳಿತು ಗುಂಡಿಯೊತ್ತುವಾಗ ಕೇಳಿಬರುವ ಆ ಕೀಚು ದನಿಯಲ್ಲಿ ಸಂಗೀತವೆಲ್ಲಿ ಬಂತು ಎಂದು ಅವರು ಕೇಳಿಯಾರು. ಆದರೆ ಆ ದನಿಯ ಹಿಂದಿನ ಶ್ರಮ ಸಾಮಾನ್ಯವಾದುದಲ್ಲ. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ಫ್ಯಾಮಿಕಾಮ್ ಯಂತ್ರದಲ್ಲಿ ಧ್ವನಿಗೆ ಇದ್ದುದು ಐದೇ ಮಾರ್ಗಗಳು. ಸಾಮಾನ್ಯವಾಗಿ ಎರಡರಲ್ಲಿ ರಾಗ, ಒಂದರಲ್ಲಿ ಮಂದ್ರ, ಮತ್ತೊಂದರಲ್ಲಿ ತಾಳದ ಸದ್ದು. ಐದನೆಯದರಲ್ಲಿ ಮುದ್ರಿಸಿಟ್ಟ ಧ್ವನಿಯ ಚೂರುಗಳು. 1985ರ ಸೂಪರ್ ಮಾರಿಯೊ ಬ್ರದರ್ಸ್ ಆಟಕ್ಕೆ ಕೋಜಿ ಕೊಂಡೊ ಸಂಗೀತ ರಚಿಸಿದಾಗ ಆಟ, ಚಿತ್ರ, ಸಂಗೀತ ಎಲ್ಲವೂ ಸೇರಿ 40 ಕಿಲೋಬೈಟುಗಳಲ್ಲಿ ಅಡಗಬೇಕಾಗಿತ್ತು. ಇಂದು ಮೊಬೈಲ್ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೇ ಅದರ ಹತ್ತಾರು ಪಟ್ಟು ಸ್ಥಳ ಬೇಕು. ರಾಗ ಪುಟ್ಟದು, ಆಟಗಾರ ಗೆಲ್ಲುವವರೆಗೂ ಅದೇ ಸುತ್ತಿ ಸುತ್ತಿ ಬರಬೇಕು, ಆದರೂ ಬೇಸರ ಹುಟ್ಟಬಾರದು. ಇಂತಹ ಕಟ್ಟುಪಾಡಿನಲ್ಲಿ ಹುಟ್ಟಿದ ಸ್ವರಗಳು ಒಂದು ತಲೆಮಾರಿನ ಮಕ್ಕಳ ಕಿವಿಯಲ್ಲಿ ಅಚ್ಚೊತ್ತಿ ನಿಂತುವು.

ಆ ಮಕ್ಕಳು ಬೆಳೆದು ದೊಡ್ಡವರಾಗುವ ಹೊತ್ತಿಗೆ ಕಂಪ್ಯೂಟರ್ ಮನೆಮನೆಗೆ ಬಂದಿತ್ತು. ಬಾಲ್ಯದಲ್ಲಿ ಕೇಳಿದ ರಾಗವನ್ನು ಒಬ್ಬನು ಪಿಯಾನೋಕ್ಕೆ ಅಳವಡಿಸಿದ, ಇನ್ನೊಬ್ಬನು ಗಿಟಾರಿಗೆ, ಮತ್ತೊಬ್ಬನು ನೂರು ವಾದ್ಯಗಳ ಮೇಳಕ್ಕೆ. ಇದಕ್ಕೆ ರೀಮಿಕ್ಸ್ ಎಂದು ಹೆಸರಾಯಿತು. 1999ರ ಡಿಸೆಂಬರಿನಲ್ಲಿ ಅಮೆರಿಕದ ಡೇವಿಡ್ ಲಾಯ್ಡ್ ಎಂಬವರು ಇಂತಹ ರಚನೆಗಳಿಗಾಗಿ ಓವರ್‌ಕ್ಲಾಕ್ಡ್ ರೀಮಿಕ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ಸಂಭಾವನೆಯ ಮಾತಿಲ್ಲ. ಒಪ್ಪಿಗೆಯಾದ ರಚನೆಯನ್ನು ಯಾರು ಬೇಕಾದರೂ ಉಚಿತವಾಗಿ ಕೇಳಬಹುದು. ಆದರೆ ಒಪ್ಪಿಗೆ ಸುಲಭವಾದುದಲ್ಲ. ತೀರ್ಪುಗಾರರ ಮಂಡಲಿಯೊಂದು ರಚನೆಗಳನ್ನು ಕೇಳಿ, ಬೇಕು, ಬೇಡ ಅಥವಾ ತಿದ್ದಿ ಮತ್ತೆ ಕಳುಹಿಸಿ ಎಂದು ಕಾರಣಸಹಿತ ಬರೆದು ತಿಳಿಸುತ್ತದೆ.

ಅವರು ಮುಖ್ಯವಾಗಿ ನೋಡುವ ಅಂಶಗಳು ಎರಡು. ಮೂಲರಾಗದ ಗುರುತು ಸಿಗುವಂತಿದೆಯೆ, ಮತ್ತು ಅದಕ್ಕೆ ಹೊಸದಾಗಿ ಏನಾದರೂ ಸೇರಿದೆಯೆ? ಮೂಲವು ಅಳಿಸಿಹೋದರೆ ಅದು ಬೇರೆಯೇ ಹಾಡಾಯಿತು. ಹಾಗೆಯೇ ಉಳಿದರೆ ಬರಿಯ ನಕಲಾಯಿತು. ಸಂದೇಹ ಬಂದಾಗ ತೀರ್ಪುಗಾರರು ಗಡಿಯಾರ ಹಿಡಿದು ಕುಳಿತು, ಮೂಲರಾಗ ಎಷ್ಟು ಸೆಕೆಂಡು ಕೇಳುತ್ತದೆ ಎಂದು ಕೂಡಿ ಲೆಕ್ಕ ಹಾಕುವುದುಂಟು. ಹೊಸಬರಿಗೆ ಇದು ಕಿರಾಣಿ ಅಂಗಡಿಯ ತೂಕದಂತೆ ತೋರೀತು. ಆದರೆ ಒಬ್ಬ ಅಪರಿಚಿತನ ಹಾಡನ್ನು ಸೆಕೆಂಡು ಸೆಕೆಂಡಾಗಿ ಕೇಳುವವನು ಅದಕ್ಕೆ ಕೊಡುವ ಗೌರವ, ಅರ್ಧ ಕೇಳಿ ‘ಭೇಷ್’ ಎನ್ನುವವನು ಕೊಡುವುದಕ್ಕಿಂತ ಹೆಚ್ಚಿನದು.

ಹಗಲು ಉದ್ಯೋಗ ಮಾಡಿ, ರಾತ್ರಿ ಎರಡು ಗಂಟೆಯವರೆಗೆ ಕುಳಿತು, ತಿಂಗಳುಗಟ್ಟಲೆ ದುಡಿದು ನಾಲ್ಕು ನಿಮಿಷಗಳ ರಚನೆಯನ್ನು ಮುಗಿಸಿದ ತರುಣನ ಮನಸ್ಸನ್ನು ಊಹಿಸಿಕೊಳ್ಳಬಹುದು. ಮೊದಲು ಮನೆಯವರಿಗೆ ಕೇಳಿಸುತ್ತಾನೆ; ಅವರು ಚೆನ್ನಾಗಿದೆ ಎನ್ನುತ್ತಾರೆ. ಗೆಳೆಯರಿಗೆ ಕೇಳಿಸುತ್ತಾನೆ, ಅವರೂ ಅದನ್ನೇ ಹೇಳುತ್ತಾರೆ. ಆ ಮಾತಿನಿಂದ ಎದೆ ತಣಿಯುತ್ತದೆ. ರಚನೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಕಡೆಗೆ ಅರಿತವನೊಬ್ಬನ ಮುಂದೆ ಇಟ್ಟಾಗ ಉತ್ತರ ಬರುತ್ತದೆ: ಮಂದ್ರದ ವಾದ್ಯವೂ ಡೋಲೂ ಒಂದೇ ಎಡೆಯಲ್ಲಿ ನುಗ್ಗಾಡಿ ರಾಗವನ್ನು ಮಸುಕು ಮಾಡಿವೆ. ಪಿಟೀಲಿನ ಪ್ರತಿಯೊಂದು ಸ್ವರವೂ ಒಂದೇ ಒತ್ತಿನಿಂದ ಹೊರಡುತ್ತಿದೆ. ಕಮಾನು ಹಿಡಿದ ಮನುಷ್ಯ ಹಾಗೆ ನುಡಿಸುವುದಿಲ್ಲ. ಎರಡನೆಯ ನಿಮಿಷದಲ್ಲಿ ಬಂದುದೇ ಮೂರನೆಯ ನಿಮಿಷದಲ್ಲಿಯೂ ಬಂದಿದೆ. ಹಾಡು ಮುಗಿದಿಲ್ಲ, ನಿಂತುಹೋಗಿದೆ.

ಆ ರಾತ್ರಿ ತರುಣನಿಗೆ ಊಟ ರುಚಿಸದು. ಎಲ್ಲವನ್ನೂ ಅಳಿಸಿಬಿಡೋಣವೆನಿಸುತ್ತದೆ. ಎಷ್ಟೋ ಮಂದಿಯ ಸಂಗೀತ ಇಲ್ಲಿಯೇ ಕೊನೆಗಂಡಿರಬೇಕು. ಆದರೆ ಎರಡು ದಿನ ಕಳೆದು ಮತ್ತೆ ಕೇಳಿದಾಗ, ಆ ಮಾತುಗಳಲ್ಲಿ ಮೂರಾದರೂ ನಿಜವೆಂದು ಕಿವಿಯೇ ಸಾಕ್ಷಿ ನುಡಿಯುತ್ತದೆ. ನೂರು ಬಾರಿ ಕೇಳಿದ ಕಿವಿ ದಣಿದಿರುತ್ತದೆ. ಅದು ಇರುವುದನ್ನು ಕೇಳದೆ, ಇರಬೇಕೆಂದು ಬಯಸಿದುದನ್ನು ಕೇಳುತ್ತಿರುತ್ತದೆ. ಬೇರೆಯವರ ಕಿವಿ ಬೇಕಾಗುವುದು ಇದಕ್ಕಾಗಿಯೇ.

ಅಭಿಪ್ರಾಯ ಕೇಳುವುದರಲ್ಲಿಯೂ ಒಂದು ಕ್ರಮವಿದೆ. ‘ಹೇಗಿದೆ?’ ಎಂಬ ಪ್ರಶ್ನೆಗೆ ‘ಚೆನ್ನಾಗಿದೆ’ ಎಂಬುದಲ್ಲದೆ ಬೇರೆ ಉತ್ತರ ಬರುವುದು ಕಷ್ಟ. ‘ಒಂದನೆಯ ನಿಮಿಷದ ನಂತರ ರಾಗ ವಾದ್ಯಗಳ ನಡುವೆ ಮುಳುಗುತ್ತದೆಯೆ?’ ಎಂದು ಕೇಳಿದರೆ ಕೇಳುಗನೂ ಕಿವಿ ನಿಮಿರಿಸುತ್ತಾನೆ. ಮೂಲರಾಗವನ್ನೂ ಜೊತೆಯಲ್ಲಿಯೇ ಕೊಡಬೇಕು. ಅದನ್ನರಿಯದವನು ಹೋಲಿಸಿ ನೋಡುವುದಾದರೂ ಹೇಗೆ? ಪೂರ್ತಿ ಮುಗಿದ ಮೇಲೆ ಕೇಳುವುದಕ್ಕಿಂತ ಅರ್ಧದಲ್ಲಿ ಕೇಳುವುದು ಲೇಸು; ಗೋಡೆಯೆದ್ದ ಮೇಲೆ ಅಡಿಪಾಯವನ್ನು ತಿದ್ದಲು ಯಾರಿಗೂ ಮನಸ್ಸಾಗದು. ಅದಕ್ಕೂ ಮೊದಲು ತಾನೇ ಮಾಡಿಕೊಳ್ಳಬಹುದಾದ ಪರೀಕ್ಷೆಗಳೂ ಉಂಟು. ಒಳ್ಳೆಯ ಹೆಡ್‌ಫೋನಿನಲ್ಲಿ, ಕಾರಿನಲ್ಲಿ, ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ ನೋಡಬೇಕು. ನುರಿತವರ ರಚನೆಯೊಡನೆ ಹೋಲಿಸುವಾಗ ಎರಡನ್ನೂ ಒಂದೇ ಮಟ್ಟದ ಜೋರಿನಲ್ಲಿ ಇಡಬೇಕು. ತುಸು ಜೋರಾಗಿ ಕೇಳಿದುದನ್ನೇ ಮೇಲೆಂದು ಬಗೆಯುವುದು ಕಿವಿಯ ಸ್ವಭಾವ.

ಹೇಳುವವನ ಹೊಣೆಯೂ ಕಡಿಮೆಯದಲ್ಲ. ‘ಚೆನ್ನಾಗಿಲ್ಲ’ ಎಂಬುದು ‘ಚೆನ್ನಾಗಿದೆ’ ಎಂಬುದರಷ್ಟೇ ನಿರುಪಯುಕ್ತ. ಎಲ್ಲಿ, ಏಕೆ ಎಂಬುದು ಸೇರದಿದ್ದರೆ ಎರಡೂ ಬರಿಯ ಸದ್ದು. ಚೆನ್ನಾಗಿರುವ ಭಾಗವನ್ನು ತೋರಿಸುವುದೂ ಉಪಚಾರಕ್ಕಾಗಿ ಮಾತ್ರವಲ್ಲ. ತಿದ್ದುವ ಭರದಲ್ಲಿ ತರುಣ ಅದನ್ನೇ ಕೆಡಿಸದಿರಲೆಂದು. ತನ್ನ ರುಚಿಯನ್ನೂ ರಚನೆಯ ದೋಷವನ್ನೂ ಬೇರೆಮಾಡಿ ಹೇಳುವುದು ಇನ್ನೂ ಕಠಿನ. ಗಿಟಾರಿನ ಅಬ್ಬರ ತನಗೆ ಹಿಡಿಸದು ಎಂಬುದು ರುಚಿ. ಆ ಅಬ್ಬರದಲ್ಲಿ ರಾಗ ಕೇಳದು ಎಂಬುದು ದೋಷ.

ಈ ಕಟ್ಟುನಿಟ್ಟಿನಿಂದ ಫಲವೇನೂ ದೊರೆಯಲಿಲ್ಲವೆಂದಲ್ಲ. 2008ರಲ್ಲಿ ಕ್ಯಾಪ್ಕಾಮ್ ಕಂಪನಿಯ ಹಳೆಯ ಸ್ಟ್ರೀಟ್ ಫೈಟರ್ ಆಟವೊಂದು ಹೊಸ ರೂಪದಲ್ಲಿ ಹೊರಬಂದಾಗ ಅದರ ಸಂಗೀತವನ್ನು ಹೊಸದಾಗಿ ಹೆಣೆದುಕೊಟ್ಟವರು ಓವರ್‌ಕ್ಲಾಕ್ಡ್ ರೀಮಿಕ್ಸಿನ ಕಲಾವಿದರೇ. ಅದೇ ಬಳಗದ ಡ್ಯಾನಿ ಬರನೌಸ್ಕಿ 2010ರ ಸೂಪರ್ ಮೀಟ್ ಬಾಯ್ ಆಟಕ್ಕೆ ತಾವೇ ಸಂಗೀತ ರಚಿಸಿ ಹೆಸರಾದರು. ಬಾಲ್ಯದಲ್ಲಿ ಕೇಳಿದ ಆಟಗಳ ರಾಗವನ್ನು ಹೆಣೆಯುತ್ತಿದ್ದವರ ರಾಗವನ್ನು ಈಗ ಬೇರೆ ಮಕ್ಕಳು ಗುನುಗುತ್ತಾರೆ.

ಆದರೂ ಎಲ್ಲರಿಗೂ ಅಂತಹ ಅವಕಾಶ ಒದಗದು, ಒದಗಬೇಕೆಂದೂ ಇಲ್ಲ. ಕೇಳಿದ ಸಲಹೆಗಳನ್ನೆಲ್ಲ ಪಾಲಿಸಬೇಕೆಂಬ ನಿಯಮವೂ ಇಲ್ಲ. ಹತ್ತು ಮಂದಿ ಹತ್ತು ಕಡೆ ಎಳೆದರೆ ರಚನೆ ಯಾರದೂ ಆಗದೆ ಉಳಿದೀತು. ಮೂವರು ಒಬ್ಬರನ್ನೊಬ್ಬರು ಕೇಳದೆ ಒಂದೇ ಎಡೆಯನ್ನು ಬೆರಳಿಟ್ಟು ತೋರಿಸಿದರೆ ಅಲ್ಲಿ ಏನೋ ಇದೆಯೆಂದು ತಿಳಿಯಬೇಕು. ಹೇಗೆ ತಿದ್ದಬೇಕೆಂಬುದನ್ನು ಮಾತ್ರ ರಚಿಸಿದವನೇ ನಿರ್ಧರಿಸಬೇಕು.

ಯಾವ ಮನೆಯಲ್ಲಾದರೂ ಮಗನೋ ಮಗಳೋ ಬಾಗಿಲ ಬಳಿ ನಿಂತು, ‘ಇದನ್ನೊಂದು ಸಲ ಕೇಳುತ್ತೀರಾ?’ ಎಂದು ಸಂಕೋಚದಿಂದ ಕೇಳುವ ಗಳಿಗೆ ಬರುತ್ತದೆ. ಸಂಗೀತಶಾಸ್ತ್ರ ತಿಳಿಯದವರೂ ಆಗ ಮಾಡಬಹುದಾದುದು ಒಂದಿದೆ. ಕೈಯಲ್ಲಿರುವ ಕೆಲಸವನ್ನು ಬದಿಗಿಟ್ಟು, ಕೊನೆಯವರೆಗೂ ಕೇಳಿ, ಎಲ್ಲಿ ಹಿತವಾಯಿತು, ಎಲ್ಲಿ ಮನಸ್ಸು ಬೇರೆಡೆಗೆ ಹರಿಯಿತು ಎಂದು ಇದ್ದುದನ್ನು ಇದ್ದಂತೆ ಹೇಳುವುದು. ಅಷ್ಟು ದೊರೆತರೆ ಆ ಮಗು ಮರುದಿನವೂ ಕೆಲಸಕ್ಕೆ ಕುಳಿತುಕೊಳ್ಳುತ್ತದೆ.