ಮತ, ರಾಜ್ಯ ಮತ್ತು ಪ್ರಜೆಯ ಹಕ್ಕು

ಪ್ಯಾಲೆಸ್ಟೈನಿನ ವಾರ್ತೆಯನ್ನು ಓದಿ, ಅದು ಏಳು ಸಮುದ್ರದಾಚೆಯ ಜಗಳವೆಂದು ಪತ್ರಿಕೆಯನ್ನು ಮಡಿಚಿಡುವವರು ನಮ್ಮಲ್ಲಿ ಬಹಳ. ಆದರೆ ರಾಜ್ಯವೊಂದು ಯಾರಿಗೆ ಸೇರಿದ್ದು, ಒಂದು ಮತದವರಿಗೋ ಅಲ್ಲಿ ಬಾಳುವ ಸರ್ವರಿಗೋ ಎಂಬ ಅದೇ ಪ್ರಶ್ನೆ ನರೇಗಲ್ಲಿಗೆ ಕೆಲವೇ ಹರದಾರಿ ದೂರದಲ್ಲಿ ಒಂದು ಕಾಲಕ್ಕೆ ಜೀವನ್ಮರಣದ ಪ್ರಶ್ನೆಯಾಗಿತ್ತು. ನಮ್ಮ ರೋಣ ತಾಲೂಕು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪೂರ್ವಕ್ಕಿರುವ ಕುಕನೂರು, ಯಲಬುರ್ಗಾ, ಕೊಪ್ಪಳಗಳು ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಆ ಸೀಮೆಯನ್ನು ಹಿರಿಯರು ‘ಮೊಗಲಾಯಿ’ ಎಂದೇ ಕರೆಯುತ್ತಿದ್ದರು. ಹೆಣ್ಣು ಕೊಟ್ಟು ತಂದ ಬೀಗರು ಅಲ್ಲಿದ್ದರು. ನಡುವೆ ಕರೋಡಗಿರಿಯ ನಾಕಾ ಇತ್ತು.

1947ರ ನವೆಂಬರ್ 29ರಂದು ವಿಶ್ವಸಂಸ್ಥೆಯು ಪ್ಯಾಲೆಸ್ಟೈನನ್ನು ಯಹೂದಿ ರಾಜ್ಯ ಮತ್ತು ಅರಬ್ ರಾಜ್ಯವೆಂದು ಒಡೆಯುವ ಠರಾವನ್ನು 33 ಮತಗಳಿಂದ ಸ್ವೀಕರಿಸಿತು. ವಿರೋಧಿಸಿದ 13 ರಾಷ್ಟ್ರಗಳಲ್ಲಿ ಭಾರತವೂ ಒಂದು. ಅದೇ ದಿನ, ಅದೇ ನವೆಂಬರ್ 29ರಂದು, ಭಾರತ ಸರಕಾರ ಮತ್ತು ನಿಜಾಮರ ನಡುವೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿತ್ತು. ಇದು ಕೇವಲ ಕಾಕತಾಳೀಯವೆಂಬುದನ್ನು ಬಲ್ಲೆ. ಆದರೂ ಶಾಲೆಯಲ್ಲಿ ಇತಿಹಾಸ ಕಲಿಸುವವರಿಗೆ ಇಂಥ ಕಾಕತಾಳೀಯಗಳು ಉಪಯೋಗಕ್ಕೆ ಬರುತ್ತವೆ.

ಹೈದರಾಬಾದ ಸಂಸ್ಥಾನದ ಪ್ರಜೆಗಳಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಮಿಕ್ಕಿ ಮುಸಲ್ಮಾನೇತರರು. ಆದರೆ ಸಂಸ್ಥಾನದ ಸಾರ್ವಭೌಮತ್ವವು ಅಲ್ಲಿಯ ಮುಸಲ್ಮಾನ ಸಮುದಾಯದ್ದು, ನಿಜಾಮರು ಅದರ ಪ್ರತೀಕ ಮಾತ್ರ ಎಂದು ಇತ್ತೆಹಾದುಲ್ ಮುಸಲ್ಮೀನ್ ಸಂಸ್ಥೆಯು ಸಾರಿತು. ಆ ಸಂಸ್ಥೆಯ ನಾಯಕ ಕಾಸೀಂ ರಜವಿಯ ರಜಾಕಾರರು ಈ ವಾದವನ್ನು ಬಂದೂಕಿನಿಂದ ನಡೆಸಲು ಹೊರಟರು. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ಇಂದಿಗೂ ಆ ಭಾಗದ ಮನೆಮಾತು. ಇತ್ತ ಗಡಿಯೀಚೆ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರೂ, ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳೂ ಹೋರಾಟದ ಶಿಬಿರಗಳನ್ನು ಕಟ್ಟಿದರು. ಸಂಸ್ಥಾನದ ಕಾಂಗ್ರೆಸ್ಸಿನ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಕಾವಿ ಧರಿಸಿದ ಸನ್ಯಾಸಿಗಳು; ಆದರೆ ಅವರು ಕೇಳಿದ್ದು ಹಿಂದೂ ರಾಜ್ಯವನ್ನಲ್ಲ, ಪ್ರಜೆಗಳಿಗೆ ಹೊಣೆಯಾದ ಸರಕಾರವನ್ನು. ಭಾರತದೊಡನೆ ಸೇರಬೇಕೆಂದು ಬರೆದುದಕ್ಕಾಗಿ 1948ರ ಆಗಸ್ಟಿನಲ್ಲಿ ಕೊಲೆಗೀಡಾದ ‘ಇಮ್ರೋಜ್’ ಸಂಪಾದಕ ಶೋಯೆಬುಲ್ಲಾ ಖಾನರಾದರೋ ಮುಸಲ್ಮಾನರು. ಆ ಹೋರಾಟವನ್ನು ಎರಡು ಮತಗಳ ಕಾಳಗವೆಂದು ಬಣ್ಣಿಸುವವರು ಈ ಇಬ್ಬರನ್ನೂ ಮರೆಯುತ್ತಾರೆ.

ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ಅಂದೇ ಯೆರೂಸಲೇಮಿನಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ, ಸ್ವೀಡನ್ನಿನ ಕೌಂಟ್ ಬರ್ನಾಡೋಟ್ ಅವರನ್ನು ಯಹೂದಿ ಉಗ್ರರು ಗುಂಡಿಟ್ಟು ಕೊಂದರು. ಪ್ಯಾಲೆಸ್ಟೈನಿನ ಸುಮಾರು ಏಳು ಲಕ್ಷ ಅರಬರು ಆ ಯುದ್ಧದಲ್ಲಿ ನೆಲೆ ಕಳೆದುಕೊಂಡರು. ನಮ್ಮಲ್ಲಿ ಎಲ್ಲವೂ ಸುಖಾಂತವಾಯಿತೇ? ಇಲ್ಲ. ಪೋಲೀಸ್ ಕಾರ್ಯಾಚರಣೆಯ ಬೆನ್ನಿಗೆ ಕಲಬುರ್ಗಿ, ಬೀದರ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳಲ್ಲಿ ರಜಾಕಾರರ ಮುಖವನ್ನೂ ಕಾಣದ ಬಡ ಮುಸಲ್ಮಾನರು ಸೇಡಿಗೆ ಬಲಿಯಾದರು. ಸರಕಾರವೇ ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯು ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರವೆಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಕತ್ತಲಲ್ಲಿಯೇ ಉಳಿಯಿತು.

ಹಾಗಾದರೆ ನಮಗೂ ಅವರಿಗೂ ಭೇದವೇನು? ಗೆದ್ದವರು ಇಲ್ಲಿ ಹೆಚ್ಚು ಸಜ್ಜನರಾಗಿದ್ದರೆಂದು ನಾನು ಹೇಳಲಾರೆ. ಸಂವಿಧಾನವು ಗೆದ್ದವನಿಗೂ ಸೋತವನಿಗೂ ಒಂದೇ ಪೌರತ್ವವನ್ನು ಕೊಟ್ಟಿತು. 1952ರ ಚುನಾವಣೆಯಲ್ಲಿ ಇಬ್ಬರೂ ಒಂದೇ ಪೆಟ್ಟಿಗೆಗೆ ಚೀಟಿ ಹಾಕಿದರು. (ನಮ್ಮ ನುಡಿಯಲ್ಲಿ ಧರ್ಮಕ್ಕೂ ಓಟಿಗೂ ‘ಮತ’ವೆಂಬ ಒಂದೇ ಶಬ್ದವಿರುವುದು ಎಷ್ಟು ತೊಡಕಿನದು!) ಇಸ್ರೇಲಿನಲ್ಲಿ ಉಳಿದ ಅರಬರಿಗೆ ಪೌರತ್ವವೇನೋ ದೊರೆಯಿತು, ಆದರೆ 1966ರವರೆಗೆ ಅವರು ಸೈನಿಕ ಆಡಳಿತದಲ್ಲಿದ್ದರು. 1950ರ ಕಾಯಿದೆಯಂತೆ ಜಗತ್ತಿನ ಯಾವ ಯಹೂದಿಯೂ ಅಲ್ಲಿಗೆ ಬಂದು ಪೌರನಾಗಬಹುದು; 1948ರಲ್ಲಿ ಮನೆಬಿಟ್ಟ ಅರಬನಿಗೆ ಆ ದಾರಿಯಿಲ್ಲ. 2018ರ ಕಾಯಿದೆಯು ಆ ರಾಜ್ಯದಲ್ಲಿ ರಾಷ್ಟ್ರೀಯ ಸ್ವಯಂನಿರ್ಣಯದ ಹಕ್ಕು ಯಹೂದಿ ಜನಕ್ಕೆ ಮಾತ್ರವೆಂದು ವಿಧಿಸಿತು. 1967ರಲ್ಲಿ ವಶವಾದ ಪಶ್ಚಿಮ ದಂಡೆಯ ಅರಬರಿಗೆ ತಮ್ಮನ್ನಾಳುವ ಇಸ್ರೇಲಿನ ಸಂಸತ್ತಿಗೆ ಓಟು ಹಾಕುವ ಅಧಿಕಾರವೇ ಇಲ್ಲ.

ಯಹೂದಿಗಳನ್ನು ನಿಜಾಮರಿಗೆ ಹೋಲಿಸುವುದು ಅನ್ಯಾಯವೇ ಸರಿ. ನಿಜಾಮರು ಜಗತ್ತಿನ ಆಗರ್ಭ ಶ್ರೀಮಂತರು. ಯಹೂದಿಗಳು ಅರವತ್ತು ಲಕ್ಷ ಬಂಧುಗಳನ್ನು ಹಿಟ್ಲರನ ಕೈಯಲ್ಲಿ ಕಳೆದುಕೊಂಡು ಎಲ್ಲಿಯೂ ಆಶ್ರಯ ಕಾಣದವರು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ಕಗ್ಗೊಲೆಯನ್ನು ಯಾವ ಹಕ್ಕಿನ ಹೆಸರಿನಲ್ಲಿಯೂ ಸಮರ್ಥಿಸಲಾಗದು. ಅನಂತರ ಗಾಜಾದಲ್ಲಿ ಸಹಸ್ರಾರು ಮಕ್ಕಳ ಸಾವನ್ನೂ ಅಷ್ಟೇ. ಆದರೆ ಭೀತಿಗೊಂಡ ಜನಾಂಗಕ್ಕೆ ರಕ್ಷಣೆ ಬೇಕೆಂಬುದು ಒಂದು ಮಾತು, ನೆರೆಯವನ ನಾಗರಿಕತ್ವವನ್ನು ಕಸಿದೇ ಆ ರಕ್ಷಣೆ ಸಿಗುವುದೆಂಬುದು ಬೇರೆ ಮಾತು.

ಸಂವಿಧಾನದ 371 ‘ಜೆ’ ವಿಧಿಯನ್ನು ಇಲ್ಲಿ ನೆನೆಯಬೇಕು. ಕುಕನೂರಿನ ವಿದ್ಯಾರ್ಥಿಗೆ ದೊರೆಯುವ ಮೀಸಲು ನರೇಗಲ್ಲಿನವನಿಗೆ ಇಲ್ಲವೆಂದು ನಮ್ಮ ಪಾಲಕರು ಗೊಣಗುವುದುಂಟು. ಗೊಣಗಲಿ. ಆದರೆ ಆ ಹಕ್ಕು ಹುಟ್ಟಿದ ನೆಲಕ್ಕೆ ಕೊಟ್ಟದ್ದು. ಕುಕನೂರಿನ ಲಿಂಗಾಯತನಿಗೂ ಮುಸಲ್ಮಾನನಿಗೂ ಅದು ಒಂದೇ ಅಳತೆಯದು.

ಸೆಪ್ಟೆಂಬರ್ 17 ಬಂದಾಗ ಗಜೇಂದ್ರಗಡದ ಶಿಬಿರವನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಶೋಯೆಬುಲ್ಲಾ ಖಾನರ ಹೆಸರನ್ನೂ, ಸುಂದರಲಾಲ ಸಮಿತಿಯು ಎಣಿಸಿದ ಆ ಮೃತರನ್ನೂ ಅದೇ ದಿನ ಅದೇ ವೇದಿಕೆಯಿಂದ ಮಕ್ಕಳಿಗೆ ಹೇಳುವ ಪರಿಪಾಠವನ್ನು ನಮ್ಮ ಶಿಕ್ಷಕಬಂಧುಗಳು ಬರುವ ವರ್ಷದಿಂದಲೇ ಆರಂಭಿಸಬೇಕೆಂದು ನನ್ನ ಸೂಚನೆ. ಇದಕ್ಕೆ ಕೆಲವು ಹಳೆಯ ವಿದ್ಯಾರ್ಥಿಗಳು ಆಕ್ಷೇಪಿಸಬಹುದು. ಅವರೊಡನೆ ಚರ್ಚಿಸಲು ನಾನು ಸಿದ್ಧನಿದ್ದೇನೆ.