ದುಡ್ಡು ಕೊಟ್ಟು ಕೊಂಡ ವಾಚಿಗೆ ಲೊಕೇಶನ್ ಯಾಕೆ ಕೊಡಬೇಕು?

ತುರ್ವಿಹಾಳದಂಥ ಊರಲ್ಲಿ ಸ್ಮಾರ್ಟ್‌ವಾಚ್ ಕೊಂಡರೆ ಆ್ಯಪ್ ಹಾಕಿಕೊಡುವವನು ಅಂಗಡಿಯ ಹುಡುಗನೇ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದರ ಹಿಂದೊಂದು ಪ್ರಶ್ನೆ ಬರುತ್ತವೆ. ಅವನು ಓದುವುದಿಲ್ಲ, ‘ಅಲೋ’ ಒತ್ತುತ್ತ ಹೋಗುತ್ತಾನೆ. ಲೊಕೇಶನ್ ಯಾಕೆಂದು ಕೇಳಿದರೆ, “ಕೊಡ್ರಿ ಅಣ್ಣಾ, ಇಲ್ಲಾಂದ್ರ ಕನೆಕ್ಟ್ ಆಗಂಗಿಲ್ಲ” ಎನ್ನುತ್ತಾನೆ. ಅವನ ತಪ್ಪಿಲ್ಲ. ಬೇಡವೆಂದರೆ ಎಷ್ಟೋ ಆ್ಯಪ್‌ಗಳು ಮುಂದಕ್ಕೇ ಹೋಗುವುದಿಲ್ಲ. ದುಡ್ಡು ಎಣಿಸಿಕೊಂಡ ಮೇಲೆ ಹೀಗೆ ಕಸಿದುಕೊಳ್ಳುವುದು ಒಪ್ಪಿಗೆಯಲ್ಲ, ಬಲವಂತ.

ಬ್ಲೂಟೂತ್‌ಗೆ ಲೊಕೇಶನ್ ಕೇಳುವುದು ಆಂಡ್ರಾಯ್ಡ್ ನಿಯಮ ಎಂಬುದು ಕಂಪನಿಗಳ ಸಮಜಾಯಿಷಿ. ಒಂದು ಕಾಲಕ್ಕೆ ಅದು ನಿಜವಿತ್ತು. ಸುತ್ತಲಿನ ಬ್ಲೂಟೂತ್, ವೈಫೈ ಸಿಗ್ನಲ್‌ಗಳಿಂದಲೇ ನಾವಿರುವ ಜಾಗ ಪತ್ತೆ ಹಚ್ಚಬಹುದು. ಹಾಗಾಗಿ ಆ ಸಾಧನಗಳನ್ನು ಹುಡುಕುವ ಆ್ಯಪ್ ಲೊಕೇಶನ್ ಅನುಮತಿ ಪಡೆಯಲೇಬೇಕೆಂದು 2015ರ ಆಂಡ್ರಾಯ್ಡ್ 6ರಲ್ಲಿ ನಿಯಮವಾಯಿತು. ಆದರೆ 2021ರ ಆಂಡ್ರಾಯ್ಡ್ 12ರಲ್ಲಿ ಹತ್ತಿರದ ಬ್ಲೂಟೂತ್ ಸಾಧನಗಳಿಗೆಂದೇ ಬೇರೆ ಅನುಮತಿ ಬಂತು. ಮರುವರ್ಷ ವೈಫೈಗೂ ಬಂತು. ಇದರಿಂದ ಜಾಗ ಪತ್ತೆ ಮಾಡುವುದಿಲ್ಲ ಎಂದು ಆ್ಯಪ್ ತಯಾರಕರು ಘೋಷಿಸಿಕೊಂಡರೆ ಸಾಕು. ಹಳೆಯ ಫೋನಿಗೆ ಆ ಸಮಜಾಯಿಷಿ ನಡೆದೀತು. ಹೊಸ ಫೋನಿನಲ್ಲೂ, ಅದೂ ‘ಸದಾಕಾಲ’ ಕೊಡಿ ಎನ್ನುವುದಕ್ಕೆ ಯಾವ ತಾಂತ್ರಿಕ ಕಾರಣವೂ ಇಲ್ಲ. ಓಡಿದ ದಾರಿ ನಕ್ಷೆಯಲ್ಲಿ ಬೇಕೆನ್ನುವವರನ್ನು ಓಡುವಾಗ ಕೇಳಲಿ.

ಇದರಲ್ಲೇನು ಮಹಾ ಎನ್ನುವವರು ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್‌ನ 2018ರ ಪ್ರಕರಣ ನೋಡಬೇಕು. ಬಳಕೆದಾರರ ಓಟದ ದಾರಿಗಳನ್ನೆಲ್ಲ ಸೇರಿಸಿ, ಒಬ್ಬರ ಹೆಸರೂ ಇಲ್ಲದೆ ಪ್ರಕಟಿಸಿದ ನಕ್ಷೆಯಲ್ಲಿ ಸೇನಾ ನೆಲೆಗಳು ಬಯಲಾದವು. ಸೈನ್ಯದ ಗುಟ್ಟೇ ಉಳಿಯಲಿಲ್ಲ. ಗುಳೆ ಹೋದವರ ಮನೆಗೆ ಎಷ್ಟು ದಿನದಿಂದ ಬೀಗವಿದೆ, ಸಿಂಧನೂರಿಗೆ ಹೋದ ಹೆಣ್ಣುಮಗಳು ಯಾವ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು ಎಂಬುದು ವಾಚ್ ಮಾರಿದವರಿಗೆ ಯಾಕೆ ಗೊತ್ತಾಗಬೇಕು?

ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಕೆಲಸಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಒಪ್ಪಿಗೆ ಅನ್ವಯಿಸುತ್ತದೆ ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹೇಳುತ್ತದೆ. ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲೂ ಓದುವ ಆಯ್ಕೆ ಕೊಡಬೇಕೆಂದೂ ಹೇಳುತ್ತದೆ. ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ; ಕಂಪನಿಗಳಿಗೆ ಹದಿನೆಂಟು ತಿಂಗಳ ಗಡುವು ಬೇರೆ. ಒಂದು ಅನುಮತಿ ತೆಗೆದುಹಾಕಲು ಅಷ್ಟು ಕಾಲ ಬೇಡ. ಲೊಕೇಶನ್ ಕಡ್ಡಾಯವೆಂದಾದರೆ ಡಬ್ಬಿಯ ಮೇಲೆ ಕನ್ನಡದಲ್ಲಿ ಅಚ್ಚಾಗಲಿ. ಅಚ್ಚಾಗದೆ ಮಾರಿದ ವಾಚನ್ನು ಅಂಗಡಿಯವರು ವಾಪಸ್ ಪಡೆದು ಪೂರ್ತಿ ದುಡ್ಡು ಕೊಡಲಿ, ಅದನ್ನು ಕಂಪನಿಯೇ ಭರಿಸಲಿ.