ನಿಂತ ಕಾರಿಗೆ ಪರೀಕ್ಷೆ, ಓಡುವ ಕಾರಿಗೆ ವಿನಾಯಿತಿ

ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕ್‌ನಿಂದ ಓಕ್ಲೆಂಡ್‌ಗೆ ಹೋಗುವ 24ನೇ ಹೆದ್ದಾರಿ ಬರ್ಕ್ಲಿ ಬೆಟ್ಟಗಳನ್ನು ದಾಟುವುದು ಕಾಲ್ಡಿಕಾಟ್ ಸುರಂಗದ ಮೂಲಕ. ಬರ್ಕ್ಲಿ ವಿಶ್ವವಿದ್ಯಾಲಯದ ರಾಬರ್ಟ್ ಹಾರ್ಲಿ ಮತ್ತು ಸಂಗಡಿಗರು ದಶಕಗಳ ಕಾಲ ಈ ಸುರಂಗವನ್ನೇ ಪ್ರಯೋಗಾಲಯ ಮಾಡಿಕೊಂಡು, ಸಾವಿರಾರು ಕಾರುಗಳ ಹೊಗೆಯನ್ನು ಒಟ್ಟಾಗಿ ಅಳೆದರು. ಸುರಂಗದೊಳಗಿನ ರಸ್ತೆ ಸುಮಾರು ಶೇ 4ರಷ್ಟು ಓರೆ. ಬೆಳಿಗ್ಗೆ ಇಳಿದುಹೋದ ಕಾರು ಸಂಜೆ ಏರುತ್ತಾ ಮನೆಗೆ ಮರಳುತ್ತದೆ. ಕಾರು ಅದೇ, ಪೆಟ್ರೋಲ್ ಅದೇ. ಆದರೂ ಏರುವಾಗ ಮೈಲಿಗೆ ಉಗುಳುವ ಹೊಗೆ ಹೆಚ್ಚು. ಇಷ್ಟು ಸರಳ ಸತ್ಯವನ್ನು ನಮ್ಮ ಕಾನೂನುಗಳು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ.

ಒಂದೇ ಕಾರಿನ ಹೊಗೆ ಸನ್ನಿವೇಶಕ್ಕೆ ತಕ್ಕಂತೆ ಬದಲಾಗುವ ಕಾರಣಗಳಲ್ಲಿ ನಿಗೂಢವೇನಿಲ್ಲ. ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರುಮಾಡಬೇಕಾದರೆ ಅದು ಸುಮಾರು 250-300 ಡಿಗ್ರಿ ಸೆಲ್ಸಿಯಸ್ ಬಿಸಿಯೇರಬೇಕು. ತಣ್ಣಗಿರುವ ಕಾರು ಮೊದಲ ಒಂದೆರಡು ನಿಮಿಷದಲ್ಲೇ ತನ್ನ ಪಾಲಿನ ವಿಷದ ಬಹುಭಾಗವನ್ನು ಕಕ್ಕಿಬಿಡುತ್ತದೆ. ಹಾಲಿನ ಅಂಗಡಿಗೆಂದು ಅರ್ಧ ಮೈಲಿ ಹೋಗಿಬರುವ ಕಾರಿನ ಕನ್ವರ್ಟರ್‌ಗೆ ಬಿಸಿಯೇರುವ ಅವಕಾಶವೇ ಸಿಗುವುದಿಲ್ಲ. ಆಕ್ಸಿಲರೇಟರ್ ಒಮ್ಮೆಲೇ ತುಳಿದರೆ ಇಂಜಿನ್‌ಗೆ ಇಂಧನ ಮಿತಿಮೀರಿ ಹರಿಯುತ್ತದೆ, ಸುಡಲು ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ನುಗ್ಗುತ್ತದೆ. 680 ಮತ್ತು 24ನೇ ಹೆದ್ದಾರಿಗಳು ಕೂಡುವಲ್ಲಿ ಬೆಳಿಗ್ಗೆ ನಿಂತು-ಹೊರಟು, ನಿಂತು-ಹೊರಟು ತೆವಳುವ ಸಾಲು ಮಾಡುವುದೂ ಇದನ್ನೇ.

ಕಾರುಗಳ ಹೊಗೆ ಅಳೆಯುವ ಅಮೆರಿಕದ ನಗರ ಚಾಲನಾ ಪರೀಕ್ಷೆ ಹುಟ್ಟಿದ್ದು ಲಾಸ್ ಏಂಜಲೀಸ್‌ನ ಒಂದು ದಾರಿಯಿಂದ. ಅದರ ಗರಿಷ್ಠ ವೇಗ ಗಂಟೆಗೆ 56.7 ಮೈಲಿ. 680ರಲ್ಲಿ ಅನುಮತಿಯಿರುವುದೇ 65. ಅಂದರೆ ಕಾನೂನು ಪಾಲಿಸುವ ಚಾಲಕನ ವೇಗವೂ ಆ ಪರೀಕ್ಷೆಯ ಲೆಕ್ಕದಲ್ಲಿರಲಿಲ್ಲ! 80 ಮೈಲಿ ವೇಗವನ್ನೂ ಬಿರುಸಿನ ಚಾಲನೆಯನ್ನೂ ಒಳಗೊಂಡ ಪೂರಕ ಪರೀಕ್ಷೆ ಬಂದದ್ದು 2000ದ ಆಸುಪಾಸಿನಲ್ಲಿ. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದರೆ ಏನಾಗುತ್ತದೆ ಎಂಬುದನ್ನು 2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಹಗರಣ ತೋರಿಸಿತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಸಭ್ಯವಾಗುವ ಡೀಸೆಲ್ ಕಾರುಗಳು ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೆ ನೈಟ್ರೋಜನ್ ಆಕ್ಸೈಡ್ ಬಿಡುತ್ತಿದ್ದವು. ಕಳ್ಳತನ ಹೊರಬರಲು ಕಾರಣವಾದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಕಾರಿನ ಹಿಂದೆ ಯಂತ್ರ ಕಟ್ಟಿ ರಸ್ತೆಯಲ್ಲೇ ಮಾಡಿದ ಅಳತೆ.

ನಮ್ಮೂರಿನ ಸ್ಥಿತಿ ಇದಕ್ಕಿಂತ ಕೆಟ್ಟದು. ಬೆಂಗಳೂರಿನ ಪೆಟ್ರೋಲ್ ಬಂಕ್ ಪಕ್ಕದ ಎಮಿಷನ್ ಟೆಸ್ಟ್ ಅಂಗಡಿ ನೋಡದವರಾರು? ಹುಡುಗ ಸೈಲೆನ್ಸರ್‌ಗೆ ಕೊಳವೆ ತೂರಿಸುತ್ತಾನೆ, ನಂಬರ್ ಪ್ಲೇಟಿನ ಫೋಟೊ ಹೊಡೆಯುತ್ತಾನೆ, ಚೀಟಿ ಕೊಡುತ್ತಾನೆ. ಪೆಟ್ರೋಲ್ ಕಾರನ್ನು ಅಳೆಯುವುದು ನಿಂತಲ್ಲೇ. ನೈಟ್ರೋಜನ್ ಆಕ್ಸೈಡ್ ಲೆಕ್ಕಕ್ಕೇ ಇಲ್ಲ. ಅದೇ ಕಾರು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಎಸಿ ಹಾಕಿಕೊಂಡು ಉಸಿರುಗಟ್ಟುವಾಗ ಕೇಳುವವರಿಲ್ಲ. 2023ರ ಏಪ್ರಿಲ್ 1ರಿಂದ ತಯಾರಕರಿಗೆ ನಿಜರಸ್ತೆಯ ಪರೀಕ್ಷೆ ಕಡ್ಡಾಯವಾಗಿದೆ, ಸರಿ. ಅದಕ್ಕೂ ಮೊದಲು ಮಾರಾಟವಾಗಿ ಈಗಲೂ ಬೀದಿಯಲ್ಲಿರುವ ಕಾರುಗಳಿಗೆ ಆ ಚೀಟಿಯೇ ಗತಿ.

ಚಾಲಕನೇನೂ ನಿರಪರಾಧಿಯಲ್ಲ. ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಮುಂದೆ ಇಪ್ಪತ್ತು ನಿಮಿಷ ಇಂಜಿನ್ ಆರಿಸದೆ ಫೋನು ನೋಡುತ್ತಾ ಕೂರುವ ಅಪ್ಪ-ಅಮ್ಮಂದಿರು ಹೊಗೆ ಬಿಡುತ್ತಿರುವುದು ಯಾರ ಮೂಗಿಗೆ? ಓಡಿ ಬಂದು ಬಾಗಿಲು ತೆರೆಯುವ ತಮ್ಮ ಮಕ್ಕಳ ಮೂಗಿಗೇ. ನಿಂತಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಇಂಜಿನ್ ಓಡಿಸಬಾರದೆಂಬ ಕ್ಯಾಲಿಫೋರ್ನಿಯಾದ ನಿಯಮ ದೊಡ್ಡ ಡೀಸೆಲ್ ವಾಹನಗಳಿಗಷ್ಟೇ. ಕುಟುಂಬದ ಕಾರಿಗೆ ಅಂಥ ಲಗಾಮಿಲ್ಲ. ಬಾರ್ಟ್ ರೈಲು ವಾಲ್ನಟ್ ಕ್ರೀಕ್‌ಗೆ ಬಂದದ್ದು 1973ರಲ್ಲಿ, ಅರ್ಧ ಶತಮಾನವೇ ಕಳೆದಿದೆ. ಆದರೂ ಸ್ಟೇಷನ್ ತನಕ ಹೋಗಲೂ ಕಾರೇ ಬೇಕು ಎನ್ನುವವರು ಕಡಿಮೆಯಿಲ್ಲ.

ಆದ್ದರಿಂದ ನಮ್ಮ ತೀರ್ಪು ಸ್ಪಷ್ಟ. ನಿಂತ ಕಾರಿಗೆ ಕೊಡುವ ಶುದ್ಧತೆಯ ಪ್ರಮಾಣಪತ್ರ ಜನರ ಕಣ್ಣಿಗೆ ಮಣ್ಣೆರಚುವ ಕಾಗದ. ಕರ್ನಾಟಕದ ಸಾರಿಗೆ ಇಲಾಖೆ ರಸ್ತೆಬದಿಯಲ್ಲಿ ಯಂತ್ರವಿಟ್ಟು, ಓಡುವ ವಾಹನದ ಹೊಗೆಯನ್ನು ನೈಟ್ರೋಜನ್ ಆಕ್ಸೈಡ್ ಸಹಿತ ಅಳೆಯಲಿ. ವಾಲ್ನಟ್ ಕ್ರೀಕ್‌ನ ನಗರಸಭೆ ಶಾಲೆಗಳ ಮುಂದೆ ಇಂಜಿನ್ ಆರಿಸುವುದನ್ನು ಕಡ್ಡಾಯ ಮಾಡಲಿ. ಓದುಗರು ಅದಕ್ಕಾಗಿ ಕಾಯಬೇಕಿಲ್ಲ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಇಂಜಿನ್ ಆರಿಸಿ ಮತ್ತೆ ಹೊತ್ತಿಸುವುದೇ ಇಂಧನಕ್ಕೂ ಲಾಭ ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ಕೀಲಿ ನಿಮ್ಮ ಕೈಯಲ್ಲೇ ಇದೆ. ತಿರುಗಿಸಿ.